ಏಲ್ಮರ್‌ಗೆ ಹೆಂಡತಿ ಮೇಲೆ ಪ್ರೀತಿ ಇತ್ತಾ?

ಅಮೆರಿಕದ ಲೇಖಕ ಹಾಥಾರ್ನ್ 1843ರಲ್ಲಿ ಪ್ರಕಟಿಸಿದ ‘ದಿ ಬರ್ತ್‌ಮಾರ್ಕ್’ ಕತೆ ಓದಿ, ವಿಜ್ಞಾನಿ ಏಲ್ಮರ್‌ಗೆ ಹೆಂಡತಿ ಮೇಲೆ ಪ್ರೀತಿ ಇದ್ದಿದ್ದರೆ ಅವಳ ಕೆನ್ನೆಯ ಮಚ್ಚೆ ಅಳಿಸಲು ಹೋಗಿ ಜೀವ ತೆಗೆಯುವ ಮದ್ದು ಯಾಕೆ ಕುಡಿಸಿದ ಅಂತ ಕೇಳಿದ್ದೀರಿ.

ಪ್ರೀತಿ ಇತ್ತು ಅಂತಲೇ ನನ್ನ ಲೆಕ್ಕ. ಭಯ ಹುಟ್ಟಿಸುವುದೂ ಅದೇ. ಹೆಂಡತಿ ಜಾರ್ಜಿಯಾನಾಳ ಎಡಗೆನ್ನೆ ಮೇಲೆ ಪುಟ್ಟ ಕೈಯಂಥ ಕೆಂಪು ಮಚ್ಚೆ. ನಾಚಿ ಕೆಂಪಾದರೆ ಅದು ಕಾಣುವುದೇ ಇಲ್ಲ, ಮುಖ ಬಿಳಿಚಿದರೆ ಎದ್ದು ಕಾಣುತ್ತದೆ. ಗಂಡ ಅದನ್ನೇ ದಿಟ್ಟಿಸುತ್ತಾನೆ, ಅವಳು ಬಿಳಿಚಿಕೊಳ್ಳುತ್ತಾಳೆ, ಮಚ್ಚೆ ಇನ್ನೂ ಎದ್ದು ಕಾಣುತ್ತದೆ. ಅರ್ಧ ರೋಗ ಅವನ ನೋಟದಲ್ಲೇ ಇತ್ತು, ಅಲ್ವಾ?

ಎಚ್ಚರಿಕೆಗಳೂ ಬೇಕಾದಷ್ಟಿದ್ದವು. ಅವನು ಬೆಳೆಸಿದ ಹೂಗಿಡ ಅವಳು ಮುಟ್ಟಿದ ಕೂಡಲೇ ಕರಕಲಾಯಿತು. ಲೋಹದ ತಗಡಿನ ಮೇಲೆ ಅವಳ ಚಿತ್ರ ತೆಗೆದರೆ ಕೆನ್ನೆ ಜಾಗದಲ್ಲಿ ಬರೀ ಆ ಕೈ ಮೂಡಿತು. ಅವನು ಸುಮ್ನೆ ಆ ತಗಡನ್ನು ಆಸಿಡ್‌ಗೆ ಎಸೆದ! ಇವಳು ನನ್ನ ಹೆಂಡತಿಯಾಗಿದ್ದರೆ ಮಚ್ಚೆ ಬಿಟ್ಟುಕೊಡ್ತಿರಲಿಲ್ಲ ಅಂತ ಗೊಣಗುವವನು ಒರಟು ಸಹಾಯಕ ಅಮಿನಡಾಬ್ ಒಬ್ಬನೇ.

ಇದು ಹಿಡಿಸಿದರೆ ಫ್ರೆಂಚ್ ಲೇಖಕ ಬಾಲ್ಜಾಕ್‌ನ ‘ದಿ ಅನ್‌ನೋನ್ ಮಾಸ್ಟರ್‌ಪೀಸ್’ (1831) ಓದಿ. ಅದರಲ್ಲಿ ಮುದಿ ಚಿತ್ರಕಾರ ಹತ್ತು ವರ್ಷ ಒಂದು ಹೆಣ್ಣಿನ ಚಿತ್ರ ತಿದ್ದಿ ತಿದ್ದಿ, ಅವಳ ಒಂದು ಪಾದ ಬಿಟ್ಟು ಉಳಿದದ್ದೆಲ್ಲ ಬಣ್ಣದ ಗೋಜಲಾಗುತ್ತದೆ. ಸ್ವಲ್ಪ ಉದ್ದ, ಆದರೆ ನನಗೆ ಅದೇ ಜಾಸ್ತಿ ಇಷ್ಟ.