ಸಂಪಾದಕರ ಉತ್ತರ: ‘ಕೋವಿಡ್ ಬ್ಯಾಚ್’ ಸರ್ಜನ್ ಹತ್ರ ಆಪರೇಷನ್ ಮಾಡಿಸ್ಬಹುದಾ?

ಮೇಷ್ಟ್ರೇ ನಮಸ್ಕಾರ,

ನಿಮ್ಮ ಕಾಗದ ಎರಡು ಸಲ ಓದ್ದೆ. ಸ್ವಲ್ಪ ಸಿಟ್ಟಲ್ಲೇ ಬರ್ದಿದೀರ ಅನ್ಸ್ತು, ಸಿಟ್ಟಿಗಿಂತ ಒಳಗೆ ಭಯ ಜಾಸ್ತಿ ಇತ್ತು ಅಂತಾನೂ ಅನ್ಸ್ತು. ಬೇರೆ ಓದುಗರಿಗೆ ವಿಷಯ ಗೊತ್ತಾಗ್ಲಿ ಅಂತ ಹೇಳ್ತೀನಿ: ನಮ್ಮೊಬ್ರು ನಿವೃತ್ತ ಮೇಷ್ಟ್ರು, ಅವರ ಮನೆಯವ್ರಿಗೆ ಪಿತ್ತಕೋಶದಲ್ಲಿ ಕಲ್ಲು, ಎರಡು ಸಲ ನೋವು ಬಂದು ಒದ್ದಾಡಿದಾರೆ, ಲ್ಯಾಪರೋಸ್ಕೋಪಿ ಮಾಡಿ, ಅಂದ್ರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ತೂರಿಸಿ, ಪಿತ್ತಕೋಶ ತೆಗೀಬೇಕು ಅಂತ ಡಾಕ್ಟರ್ ಹೇಳಿದಾರೆ. ಡಾಕ್ಟರ್ ಚಿಕ್ಕ ವಯಸ್ಸಿನವ್ರು, ಎಂಎಸ್ (ಸರ್ಜರಿಯ ಸ್ನಾತಕೋತ್ತರ ಪದವಿ) ಮುಗಿಸಿದ್ದು 2021ರಲ್ಲಿ. ಅಷ್ಟರಲ್ಲಿ ಮೇಷ್ಟ್ರ ವಾಟ್ಸಾಪ್ ಗ್ರೂಪಲ್ಲಿ ಯಾರೋ ಒಂದು ಮೆಸೇಜ್ ಹಾಕಿದಾರೆ, ‘ಕೋವಿಡ್ ಬ್ಯಾಚ್ ಡಾಕ್ಟರುಗಳು ಪರೀಕ್ಷೆನೇ ಇಲ್ದೆ ಪಾಸಾದವರು, ಹೊಟ್ಟೆ ಕುಯ್ಯೋದು ಯೂಟ್ಯೂಬ್ ನೋಡಿ ಕಲ್ತವರು, ಹುಷಾರು’ ಅಂತ. ಮೇಷ್ಟ್ರು ಕೇಳಿರೋದು: ಇದು ನಿಜವಾ, ಸರ್ಜನ್‌ಗೆ ಕೈಗುಣ ಅನ್ನೋದು ಬೇಕಲ್ವಾ, ಆ ಎರಡು ವರ್ಷ ಆಸ್ಪತ್ರೆಯಲ್ಲಿ ಆಪರೇಷನ್ನೇ ಇರ್ಲಿಲ್ಲ ಅಂದ್ರೆ ಕೈ ಎಲ್ಲಿ ಪಳಗ್ತು?

ಮೊದ್ಲು ಸುಳ್ಳನ್ನ ತೆಗ್ದು ಆಚೆ ಹಾಕೋಣ. ಪರೀಕ್ಷೆ ಇಲ್ದೆ ಯಾರೂ ಪಾಸಾಗಿಲ್ಲ. ಕೋವಿಡ್ ಡ್ಯೂಟಿ ಮಾಡ್ತಾ ಇದೀವಿ, ಓದಕ್ಕೆ ಟೈಮಿಲ್ಲ, ಪರೀಕ್ಷೆ ಬೇಡ ಅಂತ ಕೆಲವು ಪಿಜಿಗಳು (ಸ್ನಾತಕೋತ್ತರ ಓದೋ ಡಾಕ್ಟರುಗಳು) ಸುಪ್ರೀಂ ಕೋರ್ಟಿಗೆ ಹೋಗಿದ್ದು ನಿಜ, ಆದ್ರೆ ಕೋರ್ಟು 2021ರ ಜೂನಲ್ಲಿ ಆಗಲ್ಲ ಅಂತು. ಪರೀಕ್ಷೆ ಮುಂದೆ ಹೋಯ್ತು, ಅಷ್ಟೆ. ಮುಂದೆ ಹೋದಷ್ಟು ದಿನಾನೂ ಅದೇ ಹುಡುಗರು ವಾರ್ಡಲ್ಲಿ ದುಡೀತಾ ಇದ್ರು, ಯಾಕಂದ್ರೆ ಅವರನ್ನ ಕಳಿಸಿದ್ರೆ ಕೆಲಸಕ್ಕೆ ಜನ ಇರ್ಲಿಲ್ಲ.

ಆದ್ರೆ ನಿಮ್ಮ ಎರಡನೇ ಪ್ರಶ್ನೆ, ಕೈ ಎಲ್ಲಿ ಪಳಗ್ತು ಅನ್ನೋದು, ಅದನ್ನ ಸುಳ್ಳು ಅಂತ ತಳ್ಳಿಹಾಕಕ್ಕೆ ನನಗೆ ಆಗಲ್ಲ. ನನ್ನ ತಮ್ಮನ ಮಗಳು 2019ರಲ್ಲಿ ಸರ್ಜರಿ ಪಿಜಿಗೆ ಸೇರಿದ್ಲು, ನಿಮ್ಮ ಡಾಕ್ಟರಿಗಿಂತ ಒಂದು ವರ್ಷ ಜೂನಿಯರ್. ನಿಮ್ಮ ಕಾಗದ ಬಂದ ದಿನ ರಾತ್ರಿ ಅವಳಿಗೇ ಫೋನ್ ಮಾಡಿ ಓದಿ ಹೇಳ್ದೆ. ನಗ್ತಾಳೆ ಅಂದ್ಕೊಂಡಿದ್ದೆ, ನಗ್ಲಿಲ್ಲ. ‘ದೊಡ್ಡಪ್ಪಾ, ಅವರು ಕೇಳಿರೋದು ಸರೀಗೇ ಇದೆ, ಉತ್ತರ ಮಾತ್ರ ವಾಟ್ಸಾಪಲ್ಲಿ ಸಿಗಲ್ಲ’ ಅಂದ್ಲು.

ಸರ್ಜರಿ ಕಲಿಯೋದು ಹೆಂಗೆ ಅಂತ ಹೊರಗಿನವರಿಗೆ ಅಷ್ಟು ಗೊತ್ತಿರಲ್ಲ. ಮೂರು ವರ್ಷದ ಕೋರ್ಸು. ಮೊದಲನೇ ವರ್ಷ ಪೂರ್ತಿ ವಾರ್ಡು, ಬೆಳಿಗ್ಗೆ ಎದ್ದು ಎಲ್ಲರ ರಕ್ತ ತೆಗಿ, ಡ್ರೆಸ್ಸಿಂಗ್ ಮಾಡು, ಮೂಗಿಗೆ ಟ್ಯೂಬ್ ಹಾಕು, ಸ್ಕ್ಯಾನ್ ರಿಪೋರ್ಟಿಗೆ ಓಡು, ಥಿಯೇಟರಲ್ಲಿ ನಿಂತ್ಕೊಂಡು ಕುಯ್ದ ಜಾಗ ಅಗಲಿಸೋ ರಿಟ್ರಾಕ್ಟರ್ ಹಿಡ್ಕೊ, ಬಾಯಿ ಮುಚ್ಕೊಂಡು ನೋಡು. ಎರಡನೇ ವರ್ಷ ಕೈಗೆ ಚಾಕು ಬರುತ್ತೆ, ಬಾವು ಕೊಯ್ಯೋದು, ಹೈಡ್ರೋಸಿಲ್, ಆಮೇಲೆ ಅಪೆಂಡಿಕ್ಸು, ಹರ್ನಿಯಾ, ಪಕ್ಕದಲ್ಲಿ ಸೀನಿಯರ್ ನಿಂತು ‘ಅಲ್ಲಲ್ಲ, ಇನ್ನೊಂಚೂರು ಕೆಳಗೆ’ ಅಂತ ಹೇಳ್ತಿರ್ತಾರೆ. ಮೂರನೇ ವರ್ಷ ದೊಡ್ಡವು, ರಾತ್ರಿ ಬಂದ ಎಮರ್ಜೆನ್ಸಿ ಹೊಟ್ಟೆ, ಚೀಫ್ ಎದುರಿಗೆ ಇದ್ರೆ ಪಿತ್ತಕೋಶ. ಲ್ಯಾಪರೋಸ್ಕೋಪಿಯಲ್ಲಂತೂ ತಿಂಗಳುಗಟ್ಲೆ ಬರೀ ಕ್ಯಾಮೆರಾ ಹಿಡಿಯೋ ಕೆಲಸ. ಕ್ಯಾಮೆರಾ ಅಲ್ಲಾಡಿದ್ರೆ ಬೈಗುಳ ಗ್ಯಾರಂಟಿ.

ಈಗ ಲೆಕ್ಕ ಹಾಕಿ. ನಿಮ್ಮ ಡಾಕ್ಟರ್ 2018ರಲ್ಲಿ ಸೇರಿರ್ತಾರೆ. 2020ರ ಮಾರ್ಚಲ್ಲಿ ತುರ್ತಲ್ಲದ ಆಪರೇಷನ್ನೆಲ್ಲ ಮುಂದಕ್ಕೆ ಹಾಕಿ ಅಂತ ಕೇಂದ್ರದಿಂದ ಸೂಚನೆ ಬಂತು, ಅದರ ಹಿಂದೇನೇ ಲಾಕ್‌ಡೌನ್. ಬೆಂಗಳೂರಿನ ವಿಕ್ಟೋರಿಯಾದಂಥ ಆಸ್ಪತ್ರೆನೇ ಕೋವಿಡ್ ಆಸ್ಪತ್ರೆ ಆಯ್ತು. ಅಂದ್ರೆ ಪಿತ್ತಕೋಶ ಕಲಿಯೋ ಹೊತ್ತಿಗೆ ಸರಿಯಾಗಿ ಪಿತ್ತಕೋಶದ ಪೇಷಂಟು ಮನೇಲಿ ಉಳ್ಕೊಂಡ್ರು. ಎರಡನೇ ಅಲೆ ಬಂದಾಗ ಫೈನಲ್ ಪರೀಕ್ಷೆ ಹತ್ರ ಇತ್ತು. ನಷ್ಟ ಆಗಿದೆ ಮೇಷ್ಟ್ರೇ, ಇಲ್ಲ ಅಂದ್ರೆ ನಿಮಗೆ ಸುಳ್ಳು ಹೇಳ್ದಂಗೆ.

ಆಪರೇಷನ್ ನಿಲ್ಲಿಸಿದ್ದು ತಪ್ಪಾ ಅಂದ್ರೆ ಅದೂ ಅಲ್ಲ. ಕೋವಿಡ್‌ಸರ್ಜ್ ಅಂತ ಜಗತ್ತಿನ ಸರ್ಜನ್‌ಗಳೆಲ್ಲ ಸೇರಿ ಮಾಡಿದ ಅಧ್ಯಯನ 2020ರ ಮೇ ಕೊನೇಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು, 24 ದೇಶದ 1,128 ಪೇಷಂಟುಗಳು, ಆಪರೇಷನ್ ಆಸುಪಾಸಿನಲ್ಲಿ ಕೋವಿಡ್ ತಗಲಿದವರು. ಅವರಲ್ಲಿ ಶೇ. 23.8ರಷ್ಟು ಜನ 30 ದಿನದೊಳಗೆ ತೀರ್ಕೊಂಡಿದ್ರು. ನಾಲ್ಕರಲ್ಲಿ ಹತ್ರತ್ರ ಒಬ್ರು! ಇದೇ ತಂಡ ಮಾಡಿದ ಅಂದಾಜಲ್ಲಿ ಮೊದಲ ಅಲೆಯ 12 ವಾರದಲ್ಲಿ ಜಗತ್ತಿನಾದ್ಯಂತ ಸುಮಾರು 2 ಕೋಟಿ 84 ಲಕ್ಷ ಆಪರೇಷನ್ ಮುಂದಕ್ಕೆ ಹೋಗುತ್ತೆ ಅಂತ ಇತ್ತು. ಪೇಷಂಟ್ ಕಡೆಯಿಂದ ನೋಡಿದ್ರೆ ಅವು ಮುಂದೆ ಹೋದ ಆಪರೇಷನ್ನು, ಕಲಿಯೋರ ಕಡೆಯಿಂದ ನೋಡಿದ್ರೆ ನಡೀದೇ ಹೋದ ಪಾಠ.

ನಡೆದ ಆಪರೇಷನ್‌ನಲ್ಲಾದ್ರೂ ಕಲಿಯೋಣ ಅಂದ್ರೆ ಥಿಯೇಟರಲ್ಲಿ ಜನ ಕಮ್ಮಿ ಇರ್ಬೇಕು, ಬೇಗ ಮುಗೀಬೇಕು. ಅರಿವಳಿಕೆ ಡಾಕ್ಟರ್ ಗಂಟಲಿಗೆ ಟ್ಯೂಬ್ ಹಾಕೋ ಹೊತ್ತಲ್ಲಿ ಮಿಕ್ಕವರೆಲ್ಲ ಆಚೆ. ಬೇಗ ಮುಗೀಬೇಕು ಅಂದ್ರೆ ಯಾರು ಮಾಡ್ತಾರೆ, ಕೈ ಪಳಗಿದವರೇ. ಕಲಿಯೋನು ನಿಧಾನ, ನಿಧಾನಕ್ಕೆ ಆಗ ಜಾಗ ಇರ್ಲಿಲ್ಲ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬ್ತಾರಲ್ಲ, ಆ ಗ್ಯಾಸು, ಹೊಗೆ ಜೊತೆ ವೈರಸ್ಸೂ ಆಚೆ ಬರುತ್ತೇನೋ ಅಂತ ಭಯ, ಬ್ರಿಟನ್ನಿನ ಸರ್ಜನ್ ಸಂಘಗಳು 2020ರ ಮಾರ್ಚಲ್ಲಿ ಲ್ಯಾಪರೋಸ್ಕೋಪಿ ಸಾಮಾನ್ಯವಾಗಿ ಬೇಡ ಅಂತಾನೇ ಹೇಳಿದ್ವು. ಇದರಿಂದ ಒಂದು ತಮಾಷೆ ಆಯ್ತು ಅಂತಾಳೆ ನಮ್ಮ ಹುಡುಗಿ, ಅವಳು ಮಾಡಿದ ಮೊದಲ ಏಳೆಂಟು ಅಪೆಂಡಿಕ್ಸೂ ಹಳೇ ಕಾಲದ ಥರ ಹೊಟ್ಟೆ ಕುಯ್ದು ಮಾಡಿದ್ದು, ಅವಳಿಗಿಂತ ಎರಡು ವರ್ಷ ಸೀನಿಯರ್‌ಗಳಿಗೆ ಅದು ಅಷ್ಟು ಸಿಕ್ಕಿರ್ಲಿಲ್ಲವಂತೆ.

ಸಿಕ್ಕ ಕೇಸುಗಳೂ ಬೇರೆ ಥರದವು. ಬಸ್ಸಿಲ್ಲ, ಆಸ್ಪತ್ರೆಗೆ ಹೋದ್ರೆ ಕೋವಿಡ್ ಬರುತ್ತೆ ಅಂತ ಜನ ನೋವು ತಡ್ಕೊಂಡು ಮನೇಲೇ ಕೂತಿರೋರು, ಬರೋ ಹೊತ್ತಿಗೆ ಅಪೆಂಡಿಕ್ಸ್ ಒಡೆದು ಹೊಟ್ಟೆ ತುಂಬ ಕೀವು, ಸಕ್ಕರೆ ಕಾಯಿಲೆಯವರ ಬೆರಳಿನ ಹುಣ್ಣು ಕಾಲಿಗೇ ಏರಿರೋದು. ‘ಬೆರಳು ತೆಗೆಯೋದು ಕಲಿಯೋ ಮುಂಚೆ ಕಾಲು ತೆಗೆಯೋದು ಕಲ್ತೆ ದೊಡ್ಡಪ್ಪಾ’ ಅಂದ್ಲು ಒಂದ್ಸಲ. ಆ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ.

ಇಎನ್‌ಟಿಯವರ (ಕಿವಿ, ಮೂಗು, ಗಂಟಲು ವಿಭಾಗದವರ) ಕಥೆ ಉಲ್ಟಾ. 2021ರ ಮೇ, ಜೂನಲ್ಲಿ ಕಪ್ಪು ಶಿಲೀಂಧ್ರ ಬಂತಲ್ಲ, ಬ್ಲ್ಯಾಕ್ ಫಂಗಸ್, ಬೆಂಗಳೂರಲ್ಲಿ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೇ ವಾರ್ಡು ಮಾಡಿದ್ರು. ಒಂದು ಕಡೆ ಅದಕ್ಕೆ ಕೊಡೋ ಆಂಫೋಟೆರಿಸಿನ್ ಇಂಜೆಕ್ಷನ್ ಸಿಗ್ತಿಲ್ಲ, ಇನ್ನೊಂದು ಕಡೆ ಮೂಗಿನೊಳಗೆ, ದವಡೆಯಲ್ಲಿ ಸತ್ತ ಭಾಗ ಕೆರೆದು ತೆಗೀಲೇಬೇಕು. ಪಾಠದಲ್ಲಿ ಒಂದು ಪ್ಯಾರಾ ಓದ್ಕೊಂಡಿದ್ದ ಹುಡುಗರು ದಿನಾ ಅದನ್ನೇ ಮಾಡಿದ್ರು. ಅದಕ್ಕೇ ಕೋವಿಡ್ ಬ್ಯಾಚ್ ಅಂತ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬೋದು ನನಗೆ ಹಿಡಿಸಲ್ಲ.

ಇನ್ನೊಂದು ವಿಷಯ ಪೇಪರಲ್ಲೂ ಅಷ್ಟಾಗಿ ಬರ್ಲಿಲ್ಲ. 2021ರ ನೀಟ್ ಪಿಜಿ, ಅಂದ್ರೆ ಪಿಜಿ ಸೀಟಿನ ಪ್ರವೇಶ ಪರೀಕ್ಷೆ, ಏಪ್ರಿಲ್‌ನಿಂದ ಸೆಪ್ಟೆಂಬರ್ 11ಕ್ಕೆ ಹೋಯ್ತು, ಆಮೇಲೆ ಮೀಸಲಾತಿ ಕೇಸಲ್ಲಿ ಸೀಟು ಹಂಚೋ ಕೌನ್ಸೆಲಿಂಗ್ ನಿಂತು ಶುರುವಾಗಿದ್ದು 2022ರ ಜನವರಿಯಲ್ಲಿ. ಡಿಸೆಂಬರಲ್ಲಿ ದೆಹಲಿಯಲ್ಲಿ ರೆಸಿಡೆಂಟ್‌ಗಳು (ಆಸ್ಪತ್ರೆಯಲ್ಲಿ ದುಡೀತಾ ಕಲಿಯೋ ಡಾಕ್ಟರುಗಳು) ರಸ್ತೆಗಿಳಿದಿದ್ದು ಟೀವಿಯಲ್ಲಿ ನೋಡಿರ್ತೀರ. ಅದರ ಅರ್ಥ ಏನು ಅಂದ್ರೆ ಒಂದು ಪೂರ್ತಿ ಬ್ಯಾಚ್ ಜೂನಿಯರ್‌ಗಳು ತಿಂಗಳುಗಟ್ಲೆ ಬರ್ಲೇ ಇಲ್ಲ, ಜೂನಿಯರ್ ಬರ್ಲಿಲ್ಲ ಅಂದ್ರೆ ಸೀನಿಯರ್‌ಗೆ ವಾರ್ಡು ಬಿಡಲ್ಲ, ವಾರ್ಡು ಬಿಡ್ಲಿಲ್ಲ ಅಂದ್ರೆ ಥಿಯೇಟರಿಗೆ ಹೋಗೋದು ಹೆಂಗೆ. ನಮ್ಮ ಹುಡುಗಿ ಫೈನಲ್ ಇಯರಲ್ಲೂ ಬೆಳಿಗ್ಗೆ ಐದೂವರೆಗೆ ಎದ್ದು ರಕ್ತ ತೆಗೀತಾ ಇದ್ಲು. ಮಧ್ಯ ಸ್ಟೈಪೆಂಡ್ ನಾಲ್ಕು ತಿಂಗಳು ಬರ್ಲಿಲ್ಲ, ಕಾಲೇಜ್ ಹೆಸರು ಬರಿಯಲ್ಲ, ಬಿಡಿ, ಅಪ್ಪನ ಹತ್ರ ಪೆಟ್ರೋಲಿಗೆ ದುಡ್ಡು ಕೇಳೋಕೆ ನಾಚ್ಕೊಂಡು ನನ್ನ ಹತ್ರ ಕೇಳಿದ್ಲು.

ಲಾಕ್‌ಡೌನ್ ಟೈಮಲ್ಲಿ ಒಂದ್ಸಲ ವಿಡಿಯೋ ಕಾಲ್ ಮಾಡಿದ್ದೆ. ಕೋವಿಡ್ ಡ್ಯೂಟಿ ಮುಗಿಸಿ ಕ್ವಾರಂಟೈನಲ್ಲಿದ್ಲು, ಮೂಗಿನ ಮೇಲೆ ಮಾಸ್ಕಿನ ಗಾಯ. ಮಾತಾಡ್ತಾ ಮಾತಾಡ್ತಾ ಅವಳ ಕೈ ಸುಮ್ನೆ ಇಲ್ಲ, ನೋಡಿದ್ರೆ ಕಿಟಕಿ ಸರಳಿಗೆ ಹೊಲಿಗೆ ದಾರ ಕಟ್ಕೊಂಡು ಒಂದೇ ಕೈಯಲ್ಲಿ ಗಂಟು ಹಾಕ್ತಾ ಇದಾಳೆ, ಸರಳಿನ ತುಂಬ ಕಪ್ಪು ದಾರದ ಗಂಟು, ಗೊನೆ ಗೊನೆ. ಟೇಬಲ್ ಮೇಲೆ ಮಾವಿನಹಣ್ಣಿನ ರಟ್ಟಿನ ಡಬ್ಬ, ಅದಕ್ಕೆ ಎರಡು ತೂತು, ಮೇಲಿಂದ ಹಳೇ ಮೊಬೈಲ್ ಕ್ಯಾಮೆರಾ, ಒಳಗೆ ಎರಡು ಬಟ್ಟಲು. ತೂತಿಂದ ಉದ್ದದ ಇಕ್ಕಳ ತೂರಿಸಿ ಒಂದು ಬಟ್ಟಲಿಂದ ಇನ್ನೊಂದಕ್ಕೆ ಕಡ್ಲೇಕಾಳು ಹಾಕೋದು, ಕೈ ನೋಡಂಗಿಲ್ಲ, ಸ್ಕ್ರೀನ್ ಮಾತ್ರ ನೋಡ್ಬೇಕು. ‘ನೂರು ಕಾಳು ಹಾಕಿದ್ರೆ ಮಾತ್ರ ಊಟ’ ಅಂದ್ಲು. ಯೂಟ್ಯೂಬ್ ನೋಡಿ ಕಲ್ತವರು ಅಂತ ಅಂದೋರಿಗೆ ಆ ಡಬ್ಬ ತೋರಿಸ್ಬೇಕು ಅನ್ಸುತ್ತೆ. ಆದ್ರೂ ಕಡ್ಲೇಕಾಳು ಪಿತ್ತಕೋಶ ಅಲ್ಲ, ಅದು ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಬೇರೆ ದೇಶದವರು ಈ ನಷ್ಟನ ಕಾಗದದ ಮೇಲಾದ್ರೂ ಒಪ್ಕೊಂಡ್ರು. ಅಮೆರಿಕದ ಸರ್ಜರಿ ಬೋರ್ಡು ರೆಸಿಡೆಂಟ್ ಮಾಡ್ಬೇಕಾದ 850 ಆಪರೇಷನ್‌ನಲ್ಲಿ ಶೇ. 10 ಕಮ್ಮಿ ಆದ್ರೂ ಆ ವರ್ಷ ಒಪ್ಕೊಂಡ್ತು. ಬ್ರಿಟನ್ನಲ್ಲಿ ವಾರ್ಷಿಕ ಮೌಲ್ಯಮಾಪನಕ್ಕೆ ‘ಔಟ್‌ಕಮ್ 10’ ಅಂತ ಹೊಸ ದರ್ಜೆನೇ ತಂದ್ರು, ಕಲಿಕೆ ಹಿಂದೆ ಬಿದ್ದಿದ್ದು ಕೋವಿಡ್‌ನಿಂದ, ಇವನ ತಪ್ಪಲ್ಲ ಅಂತ ಬರ್ದು, ಬೇಕಾದವರಿಗೆ ಕಲಿಯೋಕೆ ಜಾಸ್ತಿ ಟೈಮ್ ಕೊಡೋ ವ್ಯವಸ್ಥೆ. ನಮ್ಮಲ್ಲೂ ಟೈಮ್ ಜಾಸ್ತಿ ಸಿಕ್ತು, ಆದ್ರೆ ಕೋವಿಡ್ ವಾರ್ಡಲ್ಲಿ. ಅವರ ವರ್ಷ ನಾವು ಸಾಲ ತಗೊಂಡ್ವಿ, ಈಗ ಅವರನ್ನೇ ಅನುಮಾನದಿಂದ ನೋಡ್ತಾ ಇದೀವಿ, ನನ್ನ ಸಿಟ್ಟು ಇರೋದು ಅಲ್ಲಿ.

ಇಷ್ಟೆಲ್ಲ ಹೇಳಿ ನಿಮ್ಮ ಪ್ರಶ್ನೆ ತೇಲಿಸ್ಬಿಟ್ಟೆ ಅನ್ಬೇಡಿ. ಸರ್ಜನ್ ಕಲಿಯೋದು ಎಂಎಸ್ ದಿನವೇ ಮುಗಿಯಲ್ಲ. ಸೀನಿಯರ್ ರೆಸಿಡೆಂಟ್ ಆಗಿ, ಇಲ್ಲಾ ದೊಡ್ಡವರ ಕೈಕೆಳಗೆ ಇದ್ದು ಕಲ್ತಿರೋದನ್ನ ಯಾರೂ ಬೋರ್ಡಲ್ಲಿ ಬರ್ಸಲ್ಲ. ಆದ್ರಿಂದ 2021 ಅನ್ನೋ ಇಸವಿ ಬಿಡಿ, ಅಲ್ಲಿಂದ ಇಲ್ಲೀವರೆಗೆ ಏನು ಮಾಡಿದಾರೆ ಅಂತ ಕೇಳಿ. ಹೋದ ವರ್ಷ ಎಷ್ಟು ಪಿತ್ತಕೋಶ ಲ್ಯಾಪರೋಸ್ಕೋಪಿಯಲ್ಲಿ ತೆಗ್ದಿದೀರಿ ಅಂತ ನೇರವಾಗೇ ಕೇಳಿ. ಒಳಗೆ ಅಂಟ್ಕೊಂಡು ಕಷ್ಟ ಆದ್ರೆ ಯಾರನ್ನ ಕರೀತೀರಿ ಅಂತ ಕೇಳಿ. ಹೊಟ್ಟೆ ಓಪನ್ ಮಾಡ್ಬೇಕಾಗಿ ಬಂದ್ರೆ ಮಾಡ್ತೀರಾ ಅಂತ ಕೇಳಿ, ‘ನನಗೆ ಅಂಥದ್ದೆಲ್ಲ ಬರೋದೇ ಇಲ್ಲ’ ಅಂದ್ರೆ ನಾನಾದ್ರೆ ಇನ್ನೊಬ್ರನ್ನ ಹುಡುಕ್ತೀನಿ, ‘ಹೌದು, ಬೇಕಾದ್ರೆ ಮಾಡ್ತೀನಿ, ಮೊದಲೇ ನಿಮ್ಮ ಸಹಿ ತಗೋತೀನಿ’ ಅಂದ್ರೆ ಅಲ್ಲೇ ಡೇಟ್ ತಗೋತೀನಿ. ಕೇಳಿದ್ರೆ ಡಾಕ್ಟರ್ ಬೇಜಾರಾಗ್ತಾರೆ ಅಂತ ಸಂಕೋಚ ಬೇಡ. ನಮ್ಮ ಹುಡುಗಿಯನ್ನ ಕೇಳ್ದೆ, ‘ಕೇಳೋರು ಕಮ್ಮಿ, ಕೇಳಿದ್ರೆ ಖುಷಿನೇ’ ಅಂದ್ಲು.

ಮತ್ತೆ ಒಂದು ಮಾತು. ಅಮ್ಮನವರಿಗೆ ನೋವಿನ ಜೊತೆ ಚಳಿ ಜ್ವರ ಬಂದ್ರೆ, ಕಣ್ಣು ಹಳದಿ ಆದ್ರೆ, ಯಾವ ಬ್ಯಾಚು ಅಂತ ನೋಡ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಆಪರೇಷನ್ ಆದ್ಮೇಲೆ ಕಲ್ಲು ಎಷ್ಟಿತ್ತು ಅಂತ ಒಂದು ಕಾರ್ಡ್ ಹಾಕಿ. ಆ ವಾಟ್ಸಾಪ್ ಮೆಸೇಜ್ ಕಳಿಸಿದ ನಿಮ್ಮ ಸ್ನೇಹಿತರಿಗೂ ಈ ಸಂಚಿಕೆ ಒಂದು ಪ್ರತಿ ಕಳಿಸ್ತಾ ಇದೀನಿ, ದುಡ್ಡು ಬೇಡ.

ನಿಮ್ಮ,
ಸಂಪಾದಕ