ಹಳೆಯ ಚೀನೀ ರತ್ನಗಂಬಳಿಗಳಲ್ಲಿ ಗಂಟು (ಮಗ್ಗದ ನೂಲಿಗೆ ಉಣ್ಣೆ ಕಟ್ಟಿದ್ದು; ಹೆಚ್ಚಿದ್ದಷ್ಟೂ ನೇಯ್ಗೆ ನಯ) ಕಡಿಮೆ. ಆದರೂ ಜನ ಯಾಕೆ ಅಷ್ಟು ಇಷ್ಟಪಡುತ್ತಾರೆ?

ಗಂಟು ಎಣಿಸಿ ಬೆಲೆ ಕಟ್ಟುವುದು ಇರಾನಿನ ರತ್ನಗಂಬಳಿಗೆ ಸರಿ. ಚೀನಾದ್ದಕ್ಕೆ ಆ ಲೆಕ್ಕ ಬೇಡ. ಚಿಂಗ್ ಅರಸರ ಕಾಲದಲ್ಲಿ (1644–1912) ವಾಯವ್ಯ ಚೀನಾದ ನಿಂಗ್‌ಶಿಯಾ ಕಡೆ ನೇಯ್ದವುಗಳಲ್ಲಿ ಗಂಟು ದೊಡ್ಡದು, ಉಣ್ಣೆ ಮೆತ್ತಗೆ, ಬಣ್ಣ ಕೆಲವೇ: ಹೆಚ್ಚಾಗಿ ನೀಲಿ, ಹಳದಿ, ದಂತದ ಬಿಳಿ. ನಡುವೆ ಜಾಸ್ತಿ ಜಾಗ ಖಾಲಿ. ಒಂದು ಕಮಲವೋ ಬಾವಲಿಯೋ ಎದ್ದು ಕಾಣುವುದು ಅದಕ್ಕೇ. (ಬಾವಲಿ ಅಲ್ಲಿ ಅದೃಷ್ಟದ ಗುರುತು. ನಾವಾದರೆ ಕಂಡ ಕೂಡಲೇ ಓಡಿಸುತ್ತೇವೆ!)

ನನಗೆ ಎಲ್ಲಕ್ಕಿಂತ ಇಷ್ಟ ಕಂಬದ ಗಂಬಳಿ. ಬೌದ್ಧ ಮಠಗಳ ಕಂಬಕ್ಕೆ ಸುತ್ತಲೆಂದೇ ನೇಯ್ದದ್ದು. ನೆಲಕ್ಕೆ ಹಾಸಿದರೆ ಡ್ರ್ಯಾಗನ್ ಮೈ ಅಂಚಿನಲ್ಲಿ ಕತ್ತರಿಸಿಹೋದ ಹಾಗೆ ಕಾಣುತ್ತದೆ. ಸುತ್ತಿ ಎರಡು ಅಂಚು ಸೇರಿಸಿದರೆ ತುಂಡುಗಳೆಲ್ಲ ಕೂಡಿ, ಇಡೀ ಡ್ರ್ಯಾಗನ್ ಕಂಬಕ್ಕೆ ಸುರುಳಿ ಹಾಕಿಕೊಳ್ಳುತ್ತದೆ. ಇಷ್ಟನ್ನೂ ಮಗ್ಗಕ್ಕೆ ಕೂರುವ ಮೊದಲೇ ಲೆಕ್ಕ ಹಾಕಿರಬೇಕು, ಅಲ್ವಾ?