577001 ಅವಿಭಾಜ್ಯ ಸಂಖ್ಯೆಯೇ?

ದಾವಣಗೆರೆಯ ಲಕೋಟೆಗಳ ಮೇಲೆ ನಿತ್ಯ ಕಾಣುವ ಪಿನ್ ಕೋಡ್ 577001 ಅವಿಭಾಜ್ಯವೇ ಎಂದು ಕೇಳಿದ್ದೀರಿ; ಅದು ಅವಿಭಾಜ್ಯವಲ್ಲ. ಇದರ ವರ್ಗಮೂಲ 760ಕ್ಕಿಂತ ತುಸು ಕಡಿಮೆಯಾದ್ದರಿಂದ ಅಷ್ಟರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 2, 3, 5 ಹೊಂದುವುದಿಲ್ಲ. 7, 11, 13ಕ್ಕೆ ಒಂದೇ ಪರೀಕ್ಷೆ ಸಾಲುತ್ತದೆ: ಮೂರು ಮೂರು ಅಂಕಿಗಳ ಗುಂಪು ಮಾಡಿ 577ರಿಂದ 001 ಕಳೆದರೆ ಉಳಿಯುವ 576 ಈ ಮೂರರಲ್ಲಿ ಯಾವುದರಿಂದಲೂ ಭಾಗವಾಗುವುದಿಲ್ಲ. 17 ಮತ್ತು 19ರಿಂದಲೂ ಶೇಷ ಉಳಿಯುತ್ತದೆ. ಆದರೆ 23ರ 25000 ಪಟ್ಟು 575000 ಆಗಿ, ಮಿಕ್ಕ 2001 ಸರಿಯಾಗಿ 23ರ 87 ಪಟ್ಟಾಗುತ್ತದೆ; ಹೀಗಾಗಿ 577001 = 23 × 25087, ಇವೆರಡೂ ಅವಿಭಾಜ್ಯಗಳು. ನನಗೆ ಇದಕ್ಕಿಂತ ಸೊಗಸೆನಿಸುವುದು ಇನ್ನೊಂದು ಗುಣ: ಈ ಸಂಖ್ಯೆಯನ್ನು 4ರಿಂದ ಭಾಗಿಸಿದಾಗ ಶೇಷ 1 ಬಂದರೂ, ಅದರ ಎರಡು ಭಿನ್ನ ಅವಿಭಾಜ್ಯ ಅಪವರ್ತನಗಳೂ ಶೇಷ 3 ಕೊಡುವುದರಿಂದ, ಇದನ್ನು ಎರಡು ಪೂರ್ಣವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ.